ಮಿಂಚಂಚೆಯ ದ್ವಾರಪಾಲಕ

ಟಪಾಲಿನವನಿಗೆ ಕಾಲು ನೋಯುತ್ತದೆ, ಮಿಂಚಂಚೆಗೆ ಆ ನೋವಿಲ್ಲವೆಂದು ತಿಳಿದವರು ಅರ್ಜಿಯ ಕೊನೆಯ ದಿನ ಅದನ್ನು ತೆರೆದು ನೋಡಬೇಕು! ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಎಂಬವರನ್ನು ಕೂಡಿಕೊಂಡು 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗ, ಯಾವ ಊರಿನ ಯಾವ ಗಣಕದಿಂದಲಾದರೂ ನಮ್ಮ ಕಾಗದ ನಮಗೆ ಸಿಕ್ಕುವಂತಾಯಿತು. ಸಿಕ್ಕುವಂತಾದದ್ದೇ ತಡ, ನೂಕುನುಗ್ಗಲೂ ಆಯಿತು.

ನೂಕುನುಗ್ಗಲಿಗೆ ಒಂದು ಸರ್ವರು ಸಾಲದೆ ನಾಲ್ಕನ್ನು ಇಡುತ್ತಾರೆ. ಬಾಗಿಲಲ್ಲಿ ಲೋಡ್ ಬ್ಯಾಲೆನ್ಸರೆಂಬ ದ್ವಾರಪಾಲಕ ಬಂದವರನ್ನು ಸರದಿಯಂತೆ ಹಂಚುತ್ತಾನೆ. ತೊಡಕು ಇಲ್ಲಿಯೇ. ಒಂದನೆಯದಕ್ಕೆ ಪಾಸ್‌ವರ್ಡ್ ಹೇಳಿ ಒಳಗೆ ಹೋದವನು ಮರುಕ್ಷಣ ಮೂರನೆಯದರ ಪಾಲಿಗೆ ಬಿದ್ದರೆ, ಅದು “ನೀನಾರು?” ಎನ್ನುತ್ತದೆ. ಒಬ್ಬೊಬ್ಬನನ್ನು ಒಂದೊಂದು ಸರ್ವರಿಗೇ ಗಂಟುಹಾಕಬಹುದು. ಅದು ಕೆಟ್ಟು ನಿಂತರೆ ಗುರುತೂ ಹೋಯಿತು. ಗುರುತಿನ ವಹಿಯನ್ನು ನಾಲ್ಕಕ್ಕೂ ಕಾಣುವಂತೆ ಒಂದೆಡೆ ಇಡುವುದೇ ಲೇಸು.

ಅಷ್ಟಕ್ಕೇ ಮುಗಿಯಲಿಲ್ಲ. ಪತ್ರಗಳ ಉಗ್ರಾಣ ಒಂದೇ. ನಮ್ಮ ಅಥಣಿ, ಕಾಗವಾಡಗಳ ಕಬ್ಬಿನ ರೈತನನ್ನು ಕೇಳಿರಿ: ಗಾಡಿ ನೂರಿದ್ದರೇನು, ತೂಗುವ ಕಾಟಾ ಒಂದೇ ಇದ್ದರೆ? ಪ್ರತಿ ಸಲವೂ ಉಗ್ರಾಣದ ಬಾಗಿಲನ್ನು ಹೊಸದಾಗಿ ತಟ್ಟದೆ, ತೆರೆದ ಸಂಪರ್ಕವನ್ನೇ ಉಳಿಸಿಕೊಂಡರೆ ಭಾರ ಇಳಿಯುತ್ತದೆ.

ಇದನ್ನೆಲ್ಲ ಕನ್ನಡದ ಮಾಸ್ತರನೇಕೆ ಹೇಳಬೇಕು? ರಾಯಬಾಗದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಸಂಸ್ಥೆಯೊಂದು ಕೊಟ್ಟ ಮಿಂಚಂಚೆಯ ಮುಂದೆ ರಾತ್ರಿ ಹನ್ನೆರಡರವರೆಗೆ ಕುಳಿತಳು, ಅರ್ಜಿ ಹೋಗಲಿಲ್ಲ. ಸರ್ವರಿನ ಲೆಕ್ಕದಲ್ಲಿ ಅದು ಕೆಲವು ಕ್ಷಣಗಳ ವಿಳಂಬ. ಅವಳ ಲೆಕ್ಕದಲ್ಲಿ ಒಂದು ವರ್ಷ.