ಕೊಡಗಿನ ಹಾಕಿಯ ಎರಡು ವಂಶಗಳು

ವಿಜಯನಗರದಿಂದ ಮೆಟ್ರೋ ಬಂಡಿಯಲ್ಲಿ ಪಶ್ಚಿಮಾಭಿಮುಖವಾಗಿ ಹೊರಟವರು ಕೆಂಗೇರಿಯನ್ನು ಮುಟ್ಟುವ ಮೊದಲೇ ಜ್ಞಾನಭಾರತಿ ನಿಲ್ದಾಣವನ್ನು ಕಾಣುವರು. ಆ ಆಸುಪಾಸಿನಲ್ಲಿ, ಮೈಸೂರು ರಸ್ತೆಯ ಕಡೆಗೆ, ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳು, ಪುರುಷರದೂ ಸ್ತ್ರೀಯರದೂ, ಬಹುಕಾಲದಿಂದ ಶಿಬಿರ ಹೂಡುತ್ತಿರುವುದು ಇಲ್ಲಿಯೇ. 2020ನೆಯ ಇಸವಿಯಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ದೇಶವೆಲ್ಲ ಬಾಗಿಲಿಕ್ಕಿಕೊಂಡಾಗ, ಎರಡು ತಂಡಗಳೂ ತಮ್ಮ ಊರುಗಳಿಗೆ ಹೋಗಲಾರದೆ ತಿಂಗಳುಗಟ್ಟಲೆ ಈ ಆವರಣದೊಳಗೇ ಉಳಿದುವು. ಮಾರನೆಯ ವರ್ಷ ಟೋಕಿಯೋ ನಗರದಲ್ಲಿ ಪುರುಷರ ತಂಡವು ನಲವತ್ತೊಂದು ವರ್ಷಗಳ ಮೇಲೆ ಮೊದಲ ಸಲ ಒಲಿಂಪಿಕ್ ಪದಕವನ್ನು ಪಡೆಯಿತು. ರಾಜಾಜಿನಗರ ಬಸವೇಶ್ವರನಗರಗಳ ಮನೆಗಳಲ್ಲಿ ಕುಳಿತು ಆ ಪಂದ್ಯವನ್ನು ನೋಡಿ ಹಿಗ್ಗಿದ ಎಷ್ಟು ಮಂದಿಗೆ, ಆ ಪದಕದ ವಿದ್ಯಾಭ್ಯಾಸವು ತಮ್ಮ ಮನೆಗಳಿಂದ ಎರಡು ಹರಿದಾರಿಯೊಳಗೇ ನಡೆದುದೆಂಬುದು ತಿಳಿದಿತ್ತೋ!

ಆದರೆ ಆ ತಂಡದಲ್ಲಿ ಕರ್ನಾಟಕದವನೆಂಬವನು ಒಬ್ಬನೂ ಇರಲಿಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಕಂಚನ್ನು ಗೆದ್ದ ತಂಡದಲ್ಲಿಯೂ ಇರಲಿಲ್ಲ. ಹಾಕಿಯ ಪೂರ್ವವೃತ್ತಾಂತವನ್ನು ಬಲ್ಲವರಿಗೆ ಇದು ಸಾಮಾನ್ಯವಾದ ಸಂಗತಿಯಲ್ಲ. ಏಕೆಂದರೆ ಕರ್ನಾಟಕದ ಹಾಕಿಯೆಂದರೆ ಮುಕ್ಕಾಲು ಪಾಲು ಕೊಡಗಿನ ಹಾಕಿ.

ಕೊಡಗು 1956ರವರೆಗೆ ತಾನೇ ಒಂದು ಪ್ರತ್ಯೇಕ ರಾಜ್ಯವಾಗಿದ್ದ ಪುಟ್ಟ ನಾಡು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಐದೂವರೆ ಲಕ್ಷ. ಬೆಂಗಳೂರಿನ ಕೆಲವು ಬಡಾವಣೆಗಳನ್ನು ಕೂಡಿಸಿದರೆ ಅಷ್ಟಾದೀತು. ಇಷ್ಟರೊಳಗಿಂದ ಬಂದವರನ್ನು ನೋಡಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದವರಲ್ಲಿ ಎಂ. ಪಿ. ಗಣೇಶ್ ಮತ್ತು ಸೋಮವಾರಪೇಟೆಯ ಬಿ. ಪಿ. ಗೋವಿಂದ ಇಬ್ಬರೂ ಇದ್ದರು. ಮರುವರ್ಷ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದಾಗ ಗಣೇಶರೇ ನಾಯಕರು. 1975ರಲ್ಲಿ ವಿಶ್ವಕಪ್ಪನ್ನೇ ಗೆದ್ದಾಗ ಗೋವಿಂದ ಇದ್ದರು. 1980ರ ಮಾಸ್ಕೋ ಚಿನ್ನದಲ್ಲಿ ಪಾಲುಗಾರರಾದ ಎಂ. ಎಂ. ಸೋಮಯ್ಯನವರು 1988ರಲ್ಲಿ ಸೋಲ್ ನಗರಕ್ಕೆ ನಾಯಕರಾಗಿ ಹೋದರು. 1992ರ ಬಾರ್ಸಿಲೋನಾಕ್ಕೆ ಗೋಲ್‌ಕೀಪರ್ ಎ. ಬಿ. ಸುಬ್ಬಯ್ಯ, ಜೊತೆಗೆ ಸಿ. ಎಸ್. ಪೂಣಚ್ಚ, 2004ರ ಅಥೆನ್ಸಿಗೆ ಅರ್ಜುನ್ ಹಾಲಪ್ಪ. ಕಡೆಗೆ 2016ರ ರಿಯೋ ತಂಡದ ಹದಿನಾರು ಮಂದಿಯಲ್ಲಿ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂಬ ನಾಲ್ವರು! ಪೂರ್ಣಕುಂಭದಂತೆ ತೋರಿದ ಆ ವರ್ಷದ ಮುಂದಿನ ಒಲಿಂಪಿಕ್ಸಿಗೆ ಕೊಡವು ಬರಿದಾಯಿತು.

ಹಾಗಾದರೆ ಕೊಡಗಿನಲ್ಲಿ ಆಟವೇ ನಿಂತಿತೆ? ವಿಚಿತ್ರವೆಂದರೆ ಅಲ್ಲಿ ಆಟವು ಹಿಂದೆಂದೂ ಇಲ್ಲದಷ್ಟು ಬೆಳೆದಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಉತ್ಸಾಹದಿಂದ ಕರಡ ಎಂಬ ಊರಿನಲ್ಲಿ ಕೊಡವ ಕುಟುಂಬಗಳ ನಡುವೆ ಒಂದು ಪಂದ್ಯಾವಳಿಯು ಆರಂಭವಾಯಿತು. ಒಂದು ಒಕ್ಕಕ್ಕೆ ಒಂದು ತಂಡ. ಆಡುವವರೆಲ್ಲರೂ ಅದೇ ಮನೆತನದವರಾಗಿರಬೇಕು. ವರ್ಷಕ್ಕೊಂದು ಮನೆತನವು ಆತಿಥ್ಯ ವಹಿಸುವುದು, ಕಪ್ಪಿಗೆ ಆ ಮನೆತನದ ಹೆಸರೇ. ಮೊದಲ ವರ್ಷ ಸೇರಿದುವು 60 ತಂಡಗಳು. 2018ರ ಭೂಕುಸಿತ, ಆಮೇಲೆ ಸಾಂಕ್ರಾಮಿಕ, ಇವುಗಳಿಂದ ಕೆಲವು ವರ್ಷ ನಿಂತಿದ್ದರೂ, 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ ಬಂದ ತಂಡಗಳು 360. ಅಜ್ಜನೂ ಮೊಮ್ಮಗನೂ ಒಂದೇ ಕಡೆಗೆ ಆಡುವರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಗೃಹಿಣಿಯರೂ ಮೈದಾನಕ್ಕೆ ಇಳಿಯುವುದುಂಟು. ಲೋಕದಲ್ಲಿ ಮತ್ತೆಲ್ಲಿಯೂ ಇಂತಹ ಹಾಕಿಯ ಜಾತ್ರೆಯಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕೊಡವ ಮಕ್ಕಳು ಸಹ ರಜೆ ಪಡೆದು ಬೆಟ್ಟ ಹತ್ತುವರು.

ಇಂತಿರಲು, ಆರು ಪಾಲಾದ ಆಟವು ಒಬ್ಬ ಒಲಿಂಪಿಕ್ ಆಟಗಾರನನ್ನು ಕೊಡದೆ ಹೋದುದೇಕೆ?

ಪಾಣಿನಿಯ ಒಂದು ಸೂತ್ರವನ್ನು ವಿವರಿಸುವಾಗ ಕಾಶಿಕಾವೃತ್ತಿಕಾರರು ವಂಶವು ಎರಡು ಬಗೆಯೆಂದು ಹೇಳಿದ್ದಾರೆ: ಜನ್ಮದಿಂದ ಬಂದುದೊಂದು, ವಿದ್ಯೆಯಿಂದ ಬಂದುದೊಂದು. ವ್ಯಾಕರಣವನ್ನು 'ತ್ರಿಮುನಿ' ಎನ್ನುವುದು ಎರಡನೆಯ ಅರ್ಥದಲ್ಲಿ. ಪಾಣಿನಿ, ಕಾತ್ಯಾಯನ, ಪತಂಜಲಿಗಳು ರಕ್ತಸಂಬಂಧಿಗಳೆಂದಲ್ಲ. ಕೊಡಗಿನ ಹಾಕಿಯನ್ನು ಹೊಗಳುವವರು ಎಂದಿನಿಂದಲೂ ಜನ್ಮವಂಶವನ್ನೇ ಹೊಗಳುತ್ತ ಬಂದಿದ್ದಾರೆ: ಕೊಡವರ ರಕ್ತದಲ್ಲಿಯೇ ಹಾಕಿಯಿದೆಯೆಂಬುದು ರೂಢಿಯ ಮಾತು. ಇದು ಅರ್ಧ ಮಾತ್ರ ನಿಜ. ಸೋಮವಾರಪೇಟೆಯ ಗೋವಿಂದ, ಸುನಿಲ್ ಮೊದಲಾದವರು ಕೊಡವ ಒಕ್ಕಗಳಲ್ಲಿ ಹುಟ್ಟಿದವರಲ್ಲ. ಕೋಲು ಕೊಳ್ಳಲು ಹಣವಿಲ್ಲದೆ ಸುನಿಲ್ ಬಾಲ್ಯದಲ್ಲಿ ಬಿದಿರಿನ ಕೋಲಿನಿಂದ ಆಡಿ ಕಲಿತರೆಂದು ಹೇಳುವರು. ಇತ್ತ ಒಕ್ಕಗಳಲ್ಲಿ ಹುಟ್ಟಿದವರನ್ನಾದರೂ ಆಟಗಾರರನ್ನಾಗಿ ತಿದ್ದಿದುದು ಒಕ್ಕವಲ್ಲ. ಗಣೇಶರನ್ನು ತಿದ್ದಿದುದು ಸೇನೆ. ಸೋಮಯ್ಯನವರು ಬೆಂಗಳೂರಿನ ಸಂತ ಜೋಸೆಫರ ವಿದ್ಯಾಸಂಸ್ಥೆಯಲ್ಲಿ ಓದಿದವರು. ಮನೆಯು ಆಸೆಯನ್ನು ಕೊಟ್ಟಿತು, ದಂಡೂ ಶಾಲೆಯೂ ವಿದ್ಯೆಯನ್ನು ಕೊಟ್ಟುವು, ಬ್ಯಾಂಕುಗಳೂ ಸರಕಾರಿ ಕಾರ್ಖಾನೆಗಳೂ ಆಟಗಾರನಿಗೆ ಅನ್ನವನ್ನು ಕೊಟ್ಟುವು. ಮೂರರಲ್ಲಿ ಈಗ ತುಂಬಿ ಹರಿಯುತ್ತಿರುವುದು ಮೊದಲನೆಯದೊಂದೇ.

ವಿದ್ಯೆಯ ರೀತಿಯೇ ಬದಲಾದುದನ್ನೂ ಹೇಳಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹುಲ್ಲಿನ ಬದಲು ಕೃತಕ ಹಾಸನ್ನು ಹಾಸಿದರು. ಹಿಂದಿನ ವರ್ಷ ವಿಶ್ವಕಪ್ಪನ್ನು ಗೆದ್ದಿದ್ದ ಭಾರತವು ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುವ ಬಗೆ ಬೇರೆ, ನೀರು ಚಿಮುಕಿಸಿದ ಹಾಸಿನ ಮೇಲೆ ಅದು ಓಡುವ ವೇಗ ಬೇರೆ. ಹದಿನೈದು ವರ್ಷ ಮಣ್ಣಿನ ಮೇಲೆ ಪಳಗಿದ ಕೈ ಹಾಸಿನ ಮೇಲೆ ಮೊದಲಿನಿಂದ ಅಕ್ಷರಾಭ್ಯಾಸ ಮಾಡಬೇಕು. ಪೊನ್ನಂಪೇಟೆ, ಕೂಡಿಗೆಗಳಿಗೆ ಅಂತಹ ಹಾಸು ಬಂದುದು ಬಹಳ ತಡವಾಗಿ. ಈಗಿನ ಆಟಗಾರನು ಹನ್ನೆರಡರ ವಯಸ್ಸಿನಲ್ಲಿಯೇ ತಾಯ್ತಂದೆಯರನ್ನು ಬಿಟ್ಟು ಕ್ರೀಡಾನಿಲಯವನ್ನು ಸೇರಬೇಕು. ಇದು ಹಿಂದಿನ ಗುರುಕುಲವಾಸಕ್ಕಿಂತ ಸುಲಭವಲ್ಲ. ಒಂದೆರಡೇ ಮಕ್ಕಳಿರುವ, ಅವರನ್ನು ಇಂಜಿನಿಯರಿಂಗ್ ಓದಿಸಬಲ್ಲ ಕಾಫಿ ತೋಟದ ಮನೆಯು ಮಗನನ್ನು ಹಾಗೆ ಒಪ್ಪಿಸಲು ಹಿಂಜರಿದರೆ ತಪ್ಪೆನ್ನುವಂತಿಲ್ಲ. ನೈಪುಣ್ಯವೇನೋ ಬತ್ತಿಲ್ಲ, ಬೇರೆ ಕಾಲುವೆಗಳಿಗೆ ತಿರುಗಿದೆ. 2007ರಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದ ಕ್ರಿಕೆಟ್ ತಂಡದ ರಾಬಿನ್ ಉತ್ತಪ್ಪನವರ ತಂದೆ ಹಾಕಿಯ ತೀರ್ಪುಗಾರರು. ನಲವತ್ತಮೂರನೆಯ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯಾದ ಟೆನಿಸ್ ಜೋಡಿ ಪ್ರಶಸ್ತಿಯನ್ನು ಗೆದ್ದ ರೋಹನ್ ಬೋಪಣ್ಣನವರೂ ಕೊಡಗಿನವರೇ.

ಇದಕ್ಕೆ ಎದುರಾಗಿ ಒಡಿಶಾದ ಸುಂದರಗಢ ಜಿಲ್ಲೆಯನ್ನು ನೋಡಬಹುದು. ಅಲ್ಲಿಯೂ ಹಾಕಿ ಹಳ್ಳಿಯ ಹಬ್ಬವೇ. ಗೆದ್ದ ತಂಡಕ್ಕೆ ಬಹುಮಾನವಾಗಿ ಆಡನ್ನು ಕೊಡುವ ಪಂದ್ಯಗಳು ಅಲ್ಲಿ ಪ್ರಸಿದ್ಧ. ಆದರೆ ಆ ಹಬ್ಬದಿಂದ ಕ್ರೀಡಾನಿಲಯಕ್ಕೆ, ನಿಲಯದಿಂದ ಶಿಬಿರಕ್ಕೆ ಕಾಲುದಾರಿ ಅಳಿಸಿಹೋಗಿಲ್ಲ. ದಿಲೀಪ್ ತಿರ್ಕಿ ನಡೆದ ದಾರಿಯಲ್ಲಿಯೇ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಇವರು ಟೋಕಿಯೋವರೆಗೆ ನಡೆದರು. ಬಡವರ ಮನೆಯ ಮಗುವಿಗೆ ನಿಲಯದ ಊಟವೇ ಒಂದು ವರ. ಕೊಡಗಿನ ಮನೆಗೆ ಅದು ತ್ಯಾಗ. ಒಂದೇ ವಸ್ತುವಿಗೆ ಎರಡು ಬೆಲೆ.

ಹೀಗೆ ಬರಿದಾದುದು ಮತ್ತೆ ತುಂಬುವುದೇ ಎಂಬುದಕ್ಕೆ ದೂರದ ಒಂದು ನಿದರ್ಶನವುಂಟು. ಯೂರೋಪಿನ ಸ್ಲೊವಾಕಿಯ ಎಂಬ ಐವತ್ತುನಾಲ್ಕು ಲಕ್ಷ ಜನರ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯೇ ಮನೆಮಾತು. 2002ರಲ್ಲಿ ಆ ದೇಶವು ಜಗತ್ತಿಗೇ ಮೊದಲಾಯಿತು. ಆ ತಲೆಮಾರು ಮುದಿಯಾದ ಮೇಲೆ ಆಟಗಾರರು ವಿರಳವಾದರು. 2022ರಲ್ಲಿ ಹದಿಹರೆಯದ ಹುಡುಗರನ್ನೂ ಕೂಡಿಸಿಕೊಂಡು ಬೀಜಿಂಗಿನಲ್ಲಿ ಕಂಚನ್ನು ಗೆದ್ದರು; ಅದೇ ವರ್ಷ ಉತ್ತರ ಅಮೆರಿಕದ ದೊಡ್ಡ ಲೀಗು ತರುಣರನ್ನು ಆರಿಸಿಕೊಂಡಾಗ ಮೊದಲನೆಯವನೂ ಎರಡನೆಯವನೂ ಸ್ಲೊವಾಕಿಯದವರೇ. ಪುಟ್ಟ ನಾಡಿನಲ್ಲಿ ಒಂದು ತಲೆಮಾರೆಂದರೆ ಹತ್ತಿಪ್ಪತ್ತು ಹುಡುಗರು; ಬರುವುದೂ ಬೇಗ, ಬರಿದಾಗುವುದೂ ಬೇಗ.

ಕೊಡಗಿನ ವಿದ್ಯಾವಂಶವು ಪೂರ್ತಿಯಾಗಿ ಕಡಿದುಹೋಯಿತೆನ್ನಲಾಗದು. ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ ಪಡೆದು ದೇಶವನ್ನೇ ಬೆರಗುಗೊಳಿಸಿದ ಸ್ತ್ರೀಯರ ತಂಡಕ್ಕೆ, ಜ್ಞಾನಭಾರತಿಯ ಮಗ್ಗುಲಿನ ಅದೇ ನೀಲಿ ಹಾಸಿನ ಮೇಲೆ ಪಾಠ ಹೇಳಿದವರಲ್ಲಿ ಅಂಕಿತಾ ಎಂಬ ಸಹಾಯಕ ಶಿಕ್ಷಕಿಯೊಬ್ಬರಿದ್ದರು. ಆಕೆ ಕೊಡಗಿನವರು. ಆಕೆಯಿಂದ ಕಲಿತವರು ಹರಿಯಾಣ, ಒಡಿಶಾ, ಜಾರ್ಖಂಡ್, ಮಣಿಪುರಗಳ ಹುಡುಗಿಯರು.