ಅಪರಿಚಿತ ಗದ್ಯಭಾಗದ ಮುಂದೆ ಆದೋನಿಯ ಮಕ್ಕಳು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗು ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ತಂದಿದೆ, ಸರಿ. ಆದರೆ ಮುಂದೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನ ಗದ್ಯಭಾಗವನ್ನು ಓದಿ ಉತ್ತರಿಸುವುದೆಂತು? ಈ ಪ್ರಶ್ನೆಯನ್ನು ಮನೆಯ ಹಿರಿಯರು ಹಿರಿಯ ಮಗಳ ವಿಷಯದಲ್ಲಿ ಕೇಳುತ್ತಾರೆ, ಉತ್ತರವನ್ನು ಮಾತ್ರ ಕಿರಿಯ ಮಗನ ಮೇಲೆ ಪ್ರಯೋಗಿಸುತ್ತಾರೆ: ಅವನನ್ನು ಒಂದನೆಯ ತರಗತಿಗೆ ಕನ್ನಡ ಶಾಲೆಗೆ ಹಾಕುವುದಿಲ್ಲ. ಹೀಗೆ ಹನ್ನೆರಡು ವರ್ಷಗಳ ಆಚೆ ಇರುವ ಒಂದು ಗಂಟೆಯ ಪರೀಕ್ಷೆಯ ಭಯ, ಇಂದಿನ ಶಾಲೆಯ ದಾಖಲಾತಿ ಪುಸ್ತಕದಿಂದ ಒಂದು ಹೆಸರನ್ನು ಅಳಿಸುತ್ತದೆ. ದಾಖಲಾತಿ ಇಳಿದ ಶಾಲೆಗೆ ಶಿಕ್ಷಕರ ಹುದ್ದೆ ಉಳಿಯುವುದಿಲ್ಲ. ಹುದ್ದೆ ಇಲ್ಲದ ಶಾಲೆಯ ಗತಿ ಎಲ್ಲರಿಗೂ ತಿಳಿದದ್ದೇ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ, ಉಳಿದವು ಮೈಸೂರಿನ ಪಾಲಾದವು. ಆ ಕಥೆಯನ್ನು ಇಲ್ಲಿನ ಓದುಗರಿಗೆ ಮತ್ತೆ ಹೇಳಬೇಕಾದ ಅಗತ್ಯವಿಲ್ಲ. ಅದರ ಫಲವಾಗಿ ಇಲ್ಲಿನ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆದೋನಿಯ ಪೇಟೆಯ ಬೀದಿಯಲ್ಲಿ ಉರ್ದು ಕೇಳಿ ಬೆಳೆಯುತ್ತದೆ ಎಂಬುದಷ್ಟೇ ಪ್ರಸ್ತುತ. ಶಾಲೆಯಲ್ಲಿ ಇಂಗ್ಲಿಷ್ ಅದಕ್ಕೆ ಮೂರನೆಯ ಭಾಷೆ. ಬದುಕಿನ ಲೆಕ್ಕದಲ್ಲಿ ನಾಲ್ಕನೆಯದು.

ಪರೀಕ್ಷೆಗಳ ಸ್ವರೂಪವನ್ನು ಮೊದಲು ನೋಡೋಣ, ಏಕೆಂದರೆ ಭಯದ ಅರ್ಧಪಾಲು ಅವುಗಳನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟಿದೆ. ಆದೋನಿಯಿಂದ ರೈಲಿನಲ್ಲಿ ಉತ್ತರಕ್ಕೆ ಹೋದರೆ ರಾಯಚೂರು, ವಾಡಿ ದಾಟಿ ಕಲಬುರಗಿ. ಅಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದಕ್ಷಿಣಕ್ಕೆ ಗುಂತಕಲ್ಲಿನ ಮೂಲಕ ಹೋದರೆ ಅನಂತಪುರ; ಅಲ್ಲಿ 2018ರಲ್ಲಿ ಆರಂಭವಾದ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯ. ಎರಡಕ್ಕೂ ಪದವಿ ಪ್ರವೇಶದ ಬಾಗಿಲು 2022ರಿಂದ ನಡೆಯುತ್ತಿರುವ ಸಿ.ಯು.ಇ.ಟಿ. ಎಂಬ ಪರೀಕ್ಷೆ. ಇದನ್ನು 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು ಎಂಬ ಸಂಗತಿ ನಮ್ಮ ಎಷ್ಟೋ ಮನೆಗಳನ್ನು ಇನ್ನೂ ತಲುಪಿಲ್ಲ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಕನ್ನಡದಲ್ಲೇ ಬರೆಯುವ ಅವಕಾಶವಿದೆ. ಇಂಗ್ಲಿಷ್ ಎದುರಾಗುವುದು ಭಾಷಾ ಪತ್ರಿಕೆಯಲ್ಲಿ, ಅದೂ ಆಯ್ದ ಕೋರ್ಸು ಅದನ್ನು ಕೇಳಿದಾಗ. 2025ರಿಂದ ಆ ಪತ್ರಿಕೆಯಲ್ಲಿ 50 ಪ್ರಶ್ನೆ, 60 ನಿಮಿಷ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಗದ್ಯಭಾಗಗಳು ಮೂರು ಬಗೆಯವು: ಸಂಗತಿ ತಿಳಿಸುವವು, ಕಥೆ ಹೇಳುವವು, ಸಾಹಿತ್ಯಕವಾದವು.

ಕಾನೂನು ಓದಬಯಸುವವರ ದಾರಿ ಇದಕ್ಕಿಂತ ಕಡಿದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಈಗ 120 ಪ್ರಶ್ನೆ, ಎರಡು ಗಂಟೆ; ಒಂದು ಪ್ರಶ್ನೆಗೆ ಒಂದು ನಿಮಿಷ, ಗದ್ಯಭಾಗ ಓದುವ ಹೊತ್ತೂ ಅದರಲ್ಲಿಯೇ ಸೇರಿದೆ. 2020ರಿಂದ ಇಂಗ್ಲಿಷ್ ಮಾತ್ರವಲ್ಲ, ಪ್ರಚಲಿತ ವಿದ್ಯಮಾನ, ಕಾನೂನು, ತರ್ಕ ಎಲ್ಲವನ್ನೂ ಸುಮಾರು 450 ಪದಗಳವರೆಗಿನ ಗದ್ಯಭಾಗಗಳ ಮೂಲಕವೇ ಕೇಳುತ್ತಾರೆ. ರಾಜ್ಯದ ಲಾಸೆಟ್ ಇಂಗ್ಲಿಷ್ ಮತ್ತು ತೆಲುಗಿನಲ್ಲಿದೆ. ಕಾನೂನಿನ ಬಾಗಿಲಲ್ಲಿ ಕನ್ನಡಕ್ಕೆ ಜಾಗವಿಲ್ಲದಿರುವುದು ನ್ಯಾಯವೇ ಎಂಬುದು ಬೇರೆ ಚರ್ಚೆ. ಆ ಚರ್ಚೆ ಮುಗಿಯುವವರೆಗೆ ಈ ವರ್ಷದ ಮಗು ಕಾಯಲಾರದು.

ಹಾಗಾದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಡವುವುದು ನಿಜವಾಗಿ ಎಲ್ಲಿ? ಸಾಮಾನ್ಯವಾಗಿ ಸಿಗುವ ಉತ್ತರ 'ಪದಸಂಪತ್ತು ಕಡಿಮೆ' ಎಂಬುದು. ಅದಕ್ಕಾಗಿಯೇ ಬಡ ತಂದೆತಾಯಂದಿರು ದಪ್ಪ ನಿಘಂಟು ಕೊಡಿಸುತ್ತಾರೆ, ಮಗು ದಿನಕ್ಕೆ ಇಪ್ಪತ್ತು ಪದ ಉರು ಹೊಡೆಯುತ್ತದೆ, ತಿಂಗಳೊಳಗೆ ಹದಿನೈದನ್ನು ಮರೆಯುತ್ತದೆ. ಪದಗಳ ಕೊರತೆ ಇದೆ, ಇಲ್ಲವೆಂದಲ್ಲ. ಆದರೆ ಹೆಚ್ಚಿನ ತೊಡಕು ವಾಕ್ಯದ ಕಟ್ಟಿನಲ್ಲಿದೆ. ಆದೋನಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು: 'ದಿ ಫಾರ್ಮರ್ ಹೂ ಸೋಲ್ಡ್ ದಿ ಕಾಟನ್ ಟು ದಿ ಟ್ರೇಡರ್ ವಾಸ್ ಪೇಯ್ಡ್ ಲೇಟ್.' ಈ ವಾಕ್ಯದಲ್ಲಿ ಮಗುವಿಗೆ ತಿಳಿಯದ ಪದ ಒಂದೂ ಇಲ್ಲ. ಆದರೂ ಹಣ ಯಾರಿಗೆ ತಡವಾಗಿ ಸಿಕ್ಕಿತೆಂದು ಕೇಳಿದರೆ, ಅವಸರದ ಓದಿನಲ್ಲಿ 'ವ್ಯಾಪಾರಿಗೆ' ಎಂಬ ಉತ್ತರ ಬರುವುದುಂಟು, ಏಕೆಂದರೆ 'ಟ್ರೇಡರ್ ವಾಸ್ ಪೇಯ್ಡ್' ಎಂಬ ಮೂರು ಪದಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಕನ್ನಡದಲ್ಲಿ ಈ ಗೊಂದಲಕ್ಕೆ ಎಡೆಯೇ ಇಲ್ಲ: 'ವ್ಯಾಪಾರಿಗೆ ಹತ್ತಿ ಮಾರಿದ ರೈತನಿಗೆ ಹಣ ತಡವಾಗಿ ಸಂದಿತು.' ನಮ್ಮಲ್ಲಿ ವಿವರಣೆ ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ, ಕ್ರಿಯಾಪದ ಕೊನೆಯಲ್ಲಿ ಬಂದು ಎಲ್ಲವನ್ನೂ ಗಂಟು ಹಾಕುತ್ತದೆ. ಇಂಗ್ಲಿಷಿನಲ್ಲಿ ವಿವರಣೆ ಹಿಂದೆ ಬಂದು, ಕರ್ತೃವಿಗೂ ಅದರ ಕ್ರಿಯೆಗೂ ನಡುವೆ ಗೋಡೆಯಾಗಿ ಕೂಡುತ್ತದೆ. ಪರೀಕ್ಷೆಯ ಗದ್ಯದಲ್ಲಿ ಆ ಗೋಡೆ ಎರಡು ಸಾಲಿನಷ್ಟು ಉದ್ದವಿರಬಹುದು.

ಈ ವ್ಯತ್ಯಾಸವನ್ನು ಕನ್ನಡದಲ್ಲಿಯೇ ವಿವರಿಸಿದರೆ ಮಗುವಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿಯೇ ವಿವರಿಸುವೆನೆಂಬ ಹಟವಿದ್ದರೆ ವರ್ಷ ಹಿಡಿಯುತ್ತದೆ. ಮಾತೃಭಾಷೆಯ ವ್ಯಾಕರಣ ತಿಳಿದ ಮಗುವಿಗೆ ಇಲ್ಲಿ ಇರುವುದು ಅನುಕೂಲವೇ ಹೊರತು ಅಡ್ಡಿಯಲ್ಲ.

ಮುಂದಿನ ತೊಡಕು ಚಿಕ್ಕ ಪದಗಳದ್ದು. 'ಹಾರ್ಡ್ಲಿ' ಎಂಬುದನ್ನು 'ಕಷ್ಟಪಟ್ಟು' ಎಂದು ಓದುವವರಿದ್ದಾರೆ. ಅದರ ಅರ್ಥ 'ಇಲ್ಲವೆನ್ನುವಷ್ಟು ಕಡಿಮೆ'. 'ಫ್ಯೂ' ಎಂದರೆ ಇಲ್ಲದಷ್ಟು ವಿರಳ, 'ಎ ಫ್ಯೂ' ಎಂದರೆ ಕೆಲವು ಇವೆ ಎಂಬ ಸಮಾಧಾನ. ಒಂದು ಅಕ್ಷರ ಲೇಖಕನ ಧೋರಣೆಯನ್ನೇ ತಿರುಗಿಸುತ್ತದೆ. 'ಅನ್‌ಲೆಸ್ ಇಟ್ ರೈನ್ಸ್' ಎಂಬಲ್ಲಿ ನಿಷೇಧ ಅಡಗಿ ಕುಳಿತಿದೆ, 'ಮಳೆ ಬಾರದಿದ್ದರೆ' ಎಂದು ಬಿಡಿಸಿದಾಗಲೇ ಅದು ಕಾಣುವುದು. 'ಹೌಎವರ್' ಬಂದ ಕಡೆ ಪೆನ್ಸಿಲ್ಲು ನಿಲ್ಲಬೇಕು. ಲೇಖಕ ಅದಕ್ಕಿಂತ ಮುಂಚೆ ಪರರ ಮಾತನ್ನು ಹೇಳಿ, ತನ್ನ ಮಾತನ್ನು ಅದರ ನಂತರ ಆರಂಭಿಸುವುದು ಹೆಚ್ಚು. ದೊಡ್ಡ ಪದಕ್ಕೆ ಹೆದರುವ ವಿದ್ಯಾರ್ಥಿ ಈ ಸಣ್ಣ ಪದಗಳನ್ನು ಲಕ್ಷಿಸದೆ ದಾಟಿಬಿಡುತ್ತಾನೆ, ಅಂಕ ಹೋಗುವುದು ಅಲ್ಲಿ.

ಇನ್ನು ಉತ್ತರಗಳ ಆಯ್ಕೆ. ನ್ಯಾಯಾಲಯಗಳಲ್ಲಿ ಒಂದು ಹಳೆಯ ಮಾತಿದೆ: ಕಡತದಲ್ಲಿ ಇಲ್ಲದ್ದು ಲೋಕದಲ್ಲಿಯೂ ಇಲ್ಲ. ಗದ್ಯಭಾಗದ ಪ್ರಶ್ನೆಗೆ ಇದಕ್ಕಿಂತ ಉತ್ತಮ ಸೂತ್ರ ಸಿಗಲಾರದು. ಅಭ್ಯಾಸಕ್ಕೆ ಸಂವಿಧಾನದ 350ಎ ವಿಧಿಯನ್ನೇ ಒಂದು ಗದ್ಯಭಾಗವೆಂದು ತೆಗೆದುಕೊಳ್ಳಬಹುದು. 1956ರ ಏಳನೆಯ ತಿದ್ದುಪಡಿಯಿಂದ ಬಂದ ಈ ವಿಧಿ ಹೇಳುವುದಿಷ್ಟು: ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಅದರೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದು, ಇದಕ್ಕಾಗಿ ರಾಷ್ಟ್ರಪತಿಯವರು ರಾಜ್ಯಕ್ಕೆ ನಿರ್ದೇಶನ ನೀಡಬಹುದು. ಈಗ ನಾಲ್ಕು ಆಯ್ಕೆಗಳನ್ನು ಎದುರಿಗಿಡೋಣ. ಪ್ರತಿಯೊಂದು ರಾಜ್ಯವೂ ಎಲ್ಲ ಹಂತದ ಶಿಕ್ಷಣವನ್ನೂ ಮಾತೃಭಾಷೆಯಲ್ಲಿ ನೀಡಲೇಬೇಕು. ಪ್ರಾಥಮಿಕ ಹಂತದ ಸೌಕರ್ಯಕ್ಕಾಗಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. ಮಾತೃಭಾಷೆಯಲ್ಲಿ ಕಲಿತ ಮಗು ವಿಷಯವನ್ನು ಚೆನ್ನಾಗಿ ಗ್ರಹಿಸುತ್ತದೆ. ಈ ವಿಷಯದಲ್ಲಿ ರಾಷ್ಟ್ರಪತಿಗೆ ಪಾತ್ರವಿಲ್ಲ.

ಕನ್ನಡ ಶಾಲೆಯ ಅಭಿಮಾನಿಯಾದ ಮಗು ಮೂರನೆಯದನ್ನು ಗುರುತು ಹಾಕುವ ಸಂಭವ ಹೆಚ್ಚು. ಮಾತು ನಿಜವೇ ಇರಬಹುದು, ಆದರೆ ಕಡತದಲ್ಲಿಲ್ಲ. ಮೊದಲನೆಯದು 'ಎಲ್ಲ', 'ಲೇಬೇಕು' ಎಂಬ ಅತಿಯಿಂದ ಬೀಳುತ್ತದೆ. ನಾಲ್ಕನೆಯದು ಎರಡನೆಯ ವಾಕ್ಯಕ್ಕೆ ನೇರ ವಿರುದ್ಧ. ಉಳಿದದ್ದು ಎರಡನೆಯದು, ಅದೂ 'ಪ್ರಯತ್ನ' ಎಂಬ ಪದದ ಬಲ ಎಷ್ಟೆಂದು ಅರಿತು. ಆ ಒಂದು ಪದವನ್ನು ಸರಿಯಾಗಿ ಓದದೆ ಎಷ್ಟು ಮನವಿಪತ್ರಗಳು ಎಷ್ಟು ಕಚೇರಿಗಳಲ್ಲಿ ಧೂಳು ತಿನ್ನುತ್ತಿವೆಯೋ! ಸಂವಿಧಾನದ ಕನ್ನಡ ಅನುವಾದವೂ ಇಂಗ್ಲಿಷ್ ಮೂಲವೂ ಸುಲಭವಾಗಿ ದೊರೆಯುತ್ತವೆ. ಒಂದೊಂದು ವಿಧಿಯನ್ನು ಎರಡರಲ್ಲಿಯೂ ಅಕ್ಕಪಕ್ಕ ಇಟ್ಟು ಓದುವುದು ಕಾನೂನು ಓದಬಯಸುವವರಿಗೆ ಖರ್ಚಿಲ್ಲದ ಪಾಠ.

ತಪ್ಪು ಉತ್ತರಕ್ಕೆ ಅಂಕ ಕಡಿಯುತ್ತಾರೆಂದು ಹೆದರಿ ಸುಮ್ಮನೆ ಬಿಡುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಹೆಚ್ಚು. ಸಿ.ಯು.ಇ.ಟಿ.ಯಲ್ಲಿ ನಾಲ್ಕರಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿದ ಮೇಲೆ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿಯಲ್ಲಿ 2 ಅಂಕ ಲಾಭ. ಕ್ಲ್ಯಾಟಿನಲ್ಲಿ ತಪ್ಪಿಗೆ ಕಾಲು ಅಂಕ ಕಡಿತ. ಅಲ್ಲಿಯೂ ಎರಡನ್ನು ತಳ್ಳಿದವರಿಗೆ ಲಾಭವೇ. ಹತ್ತಿಯ ಹರಾಜಿನಲ್ಲಿ ಲೆಕ್ಕ ಹಾಕಬಲ್ಲ ಮನೆತನದ ಮಗುವಿಗೆ ಇದು ದೊಡ್ಡ ಗಣಿತವಲ್ಲ.

ಅಭ್ಯಾಸ ಮನೆಯಲ್ಲಿ ಹೇಗೆ ನಡೆಯಬೇಕು ಎಂಬುದು ಪಾಲಕರ ಮುಖ್ಯ ಪ್ರಶ್ನೆ. ಬಹುಪಾಲು ಮನೆಗಳಲ್ಲಿ ಇಂಗ್ಲಿಷ್ ಬಲ್ಲವರಿಲ್ಲ. ಕೋಸಿಗಿ, ಕೌತಾಳಂ ಕಡೆಯ ಎಷ್ಟೋ ಕುಟುಂಬಗಳು ಸುಗ್ಗಿಯ ತಿಂಗಳುಗಳಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಪರೀಕ್ಷೆಗೆ ಸಿದ್ಧವಾಗಬೇಕಾದ ಕಾಲವೂ ಅದೇ. ಅಂಥ ಮನೆಯ ಮಗುವಿಗೆ ಕರ್ನೂಲಿನ ಕೋಚಿಂಗು ತೋರಿಸುವುದು ಹಾಸ್ಯವಾದೀತು. ಆದರೆ ಇಂಗ್ಲಿಷ್ ಅರಿಯದ ತಾಯಿಯೂ ಪರೀಕ್ಷಕಿಯಾಗಬಲ್ಲಳು. ಮಗಳು ಗದ್ಯಭಾಗವನ್ನು ಓದಿ ಪುಸ್ತಕ ಮುಚ್ಚಿ, ಒಲೆಯ ಮುಂದೆ ಕುಳಿತ ತಾಯಿಗೆ ಅದನ್ನು ಮನೆಯ ಕನ್ನಡದಲ್ಲಿ ಹೇಳಬೇಕು. 'ಸರಕಾರದೋರು ನೀರಿನ ದರ ಏರ್ಸಿದ್ರು ಅಂತ ಬರ್ದಾನವ್ವ, ಆದ್ರ ಅದು ಸರಿ ಅಲ್ಲ ಅಂತಾನ.' 'ಯಾಕ ಸರಿ ಅಲ್ಲವ್ವ? ಅದನ್ನ ಅಂದೋರು ಯಾರು, ಇವನಾ ಬ್ಯಾರೇರಾ?' ಇಲ್ಲಿ ಮಗಳು ತಡವರಿಸಿದರೆ ಆಕೆ ಆ ಪ್ಯಾರಾವನ್ನು ಮತ್ತೆ ಓದಬೇಕು. ತಾಯಿ ಕೇಳಿದ ಆ ಪ್ರಶ್ನೆಗಳನ್ನೇ ಪ್ರಶ್ನೆಪತ್ರಿಕೆ 'ಕಾರಣ', 'ಲೇಖಕನ ನಿಲುವು' ಎಂಬ ಹೆಸರಿನಲ್ಲಿ ಕೇಳುತ್ತದೆ. ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಪದಪದಕ್ಕೂ ಕನ್ನಡ ಬರೆಯುವ ರೂಢಿಗಿಂತ ಇದು ಎಷ್ಟೋ ಮೇಲು. ಆ ರೂಢಿಯಲ್ಲಿ ಪದಗಳೆಲ್ಲ ತಿಳಿದು ಮಾತೇ ತಿಳಿಯದೆ ಹೋಗುತ್ತದೆ.

ಸಾಮಗ್ರಿಗೆ ಹಣ ಬೇಕಿಲ್ಲ. ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ತರಗತಿಯ 'ಹಾರ್ನ್‌ಬಿಲ್', ಹನ್ನೆರಡನೆಯದರ 'ಫ್ಲಮಿಂಗೋ' ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ಪತ್ರಿಕೆಯ ವಿಷಯಕ್ಕೆ ಬಂದರೆ, ಒಂದು ಸುದ್ದಿಯನ್ನು ಮೊದಲು 'ಪ್ರಜಾವಾಣಿ'ಯಲ್ಲಿ ಓದಿ, ಅದೇ ಸುದ್ದಿಯನ್ನು ಅದೇ ಸಂಸ್ಥೆಯ 'ಡೆಕ್ಕನ್ ಹೆರಾಲ್ಡ್'ನಲ್ಲಿ ಓದುವುದು ಹೊಸಬರಿಗೆ ಹಿತ. ವಿಷಯ ಮೊದಲೇ ತಿಳಿದಿರುವುದರಿಂದ ಕಣ್ಣು ವಾಕ್ಯದ ಕಟ್ಟಿನ ಮೇಲೆ ನಿಲ್ಲುತ್ತದೆ. ಮೂರು ತಿಂಗಳ ನಂತರ ಈ ಕ್ರಮವನ್ನು ತಿರುಗಿಸಿ ಇಂಗ್ಲಿಷನ್ನು ಮೊದಲು ಓದಬೇಕು. ಇಲ್ಲವಾದರೆ ಅದು ಊರುಗೋಲಾಗಿಯೇ ಉಳಿಯುತ್ತದೆ. ಗಡಿಯಾರ ಹಿಡಿದು ಓದುವುದು ಆಮೇಲಿನ ಮಾತು. ಮೊದಲ ದಿನದಿಂದಲೇ ವೇಗವನ್ನು ಬೆನ್ನಟ್ಟಿದವರು ತಪ್ಪು ಓದುವುದನ್ನೇ ಬೇಗ ಬೇಗ ಕಲಿಯುತ್ತಾರೆ. ತಪ್ಪಿದ ಪ್ರಶ್ನೆಗಳಿಗಾಗಿ ಒಂದು ನೋಟುಬುಕ್ಕು ಇರಲಿ. ಅದರಲ್ಲಿ ಸರಿ ಉತ್ತರವನ್ನಲ್ಲ, ತಪ್ಪು ಆಯ್ಕೆ ಏಕೆ ಸರಿಯೆಂದು ಕಂಡಿತು ಎಂಬುದನ್ನು ಕನ್ನಡದಲ್ಲಿ ಒಂದು ಸಾಲು ಬರೆಯಬೇಕು.

ಶಾಲೆಗಳ ಪಾಲೂ ಇದೆ. ಕನ್ನಡ ಪಠ್ಯದಲ್ಲಿ 'ಗದ್ಯಾಂಶವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ' ಎಂಬ ಅಭ್ಯಾಸವನ್ನು ಅಂಕ ಬರುವ ಸುಲಭದ ಭಾಗವೆಂದು ಕೈಬಿಡುವುದುಂಟು. ಪ್ರಶ್ನೆಯ ಪದ ಇರುವ ಸಾಲನ್ನು ಹುಡುಕಿ ಹಾಗೆಯೇ ಬರೆದರೆ ಅಂಕ. ಕನ್ನಡದಲ್ಲಿಯೇ 'ಲೇಖಕರು ಇದನ್ನು ಒಪ್ಪುತ್ತಾರೆಯೇ?' ಎಂದು ಕೇಳಿಸಿಕೊಳ್ಳದ ಮಗು ಇಂಗ್ಲಿಷಿನಲ್ಲಿ ಆ ಪ್ರಶ್ನೆಗೆ ದಿಗಿಲುಬೀಳುವುದು ಸಹಜ. ಆಗ ಸೋತದ್ದು ಓದು. ಅಪವಾದ ಬರುವುದು ಮಾಧ್ಯಮದ ಮೇಲೆ.

ಅರ್ಜಿ ತುಂಬುವ ಮುನ್ನ ಮಾಹಿತಿ ಪುಸ್ತಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿಕೊಳ್ಳುವುದು ಒಳಿತು. ಮಾಧ್ಯಮದ ಅಂಕಣದಲ್ಲಿ ಯಾವ ಭಾಷೆಯನ್ನು ಆರಿಸಲಾಗಿದೆ, ಬಯಸಿದ ಕೋರ್ಸು ಯಾವ ಭಾಷಾ ಪತ್ರಿಕೆಯನ್ನು ಕೇಳುತ್ತದೆ ಎಂಬೆರಡನ್ನು ನೆಟ್ ಸೆಂಟರಿನವರ ಕೈಗೆ ಬಿಡದೆ ವಿದ್ಯಾರ್ಥಿಯೇ ನೋಡಿ ತುಂಬಬೇಕು. ಸಿ.ಯು.ಇ.ಟಿ. ಈಗ ಪೂರ್ತಿ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಪರದೆಯ ಮೇಲಿನ ಗದ್ಯಕ್ಕೆ ಪೆನ್ಸಿಲ್ಲಿನ ಗೆರೆ ಎಳೆಯಲಾಗದು. ಆದ್ದರಿಂದ ಕೊನೆಯ ಎರಡು ತಿಂಗಳಾದರೂ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಪರದೆಯ ಮೇಲೆ, ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನಷ್ಟೇ ಇಟ್ಟುಕೊಂಡು ಬಿಡಿಸಬೇಕು.