ಅಶೋಕನ ಅಪ್ಪ ಆಫೀಸಿಗೆ ಹೋಗಿದ್ರಾ?

ಚಳ್ಳಕೆರೆ ನಿಲ್ದಾಣದಲ್ಲಿ ಮೊಳಕಾಲ್ಮುರು ಬಸ್ಸು ಗುರುಗುಡುತ್ತಾ ನಿಂತಿದೆ. ಬೆಳಗಿನ ಎಂಟು ಗಂಟೆಗೇ ಕಿಟಕಿಯ ಸರಳು ಮುಟ್ಟಿದರೆ ಬಿಸಿ. ಹಿಂದಿನ ಸೀಟಿನಲ್ಲಿ ಯಾರೋ ಹುರಿದ ಶೇಂಗಾ ಸುಲಿಯುತ್ತಿದ್ದಾರೆ. ಎಣ್ಣೆ ಗಿರಣಿಗಳ ಊರಲ್ಲವೇ, ಆ ವಾಸನೆ ನಿಮ್ಮ ಅಂಗಿಗೂ ಹತ್ತಿದೆ. ಐದು ವರ್ಷದ ಮಗಳು ಕಿಟಕಿ ಪಕ್ಕ, ನಡುವೆ ಅವಳ ಅಮ್ಮ, ಅಂಚಿನಲ್ಲಿ ನೀವು. ನಿಮಗೆ ಸಿಕ್ಕಿರುವುದು ಅರ್ಧ ಸೀಟು.

ಕಂಡಕ್ಟರ್ ಬರುತ್ತಾರೆ. ಹೆಂಡತಿ ಆಧಾರ್ ತೋರಿಸುತ್ತಾಳೆ, ಶೂನ್ಯ ಟಿಕೆಟ್ ಹರಿದು ಬರುತ್ತದೆ. ಮಗಳಿಗೆ ಟಿಕೆಟ್ಟೇ ಬೇಡ. ನೀವು ಜೇಬಿಗೆ ಕೈ ಹಾಕಿ ನೋಟು ತೆಗೆಯುತ್ತೀರಿ. ಮಗಳು ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡಿ, ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸುತ್ತಾಳೆ:

"ಅಮ್ಮಾ, ಅಪ್ಪಂಗೆ ಮಾತ್ರ ಯಾಕೆ ದಂಡ ಹಾಕಿದ್ರು?"

ಶೇಂಗಾ ಸುಲಿಯುವ ಸದ್ದು ನಿಲ್ಲುತ್ತದೆ. ಮರುಕ್ಷಣ ಬಸ್ಸಿಗೆ ಬಸ್ಸೇ ನಗುತ್ತದೆ. ನಿಮಗೂ ಹೊಟ್ಟೆಯೊಳಗಿಂದ ನಗು ಉಕ್ಕುತ್ತಿದೆ, ಆದರೆ ಅವಳ ಕಣ್ಣು ನಿಮ್ಮ ತುಟಿಯ ತುದಿಯ ಮೇಲೇ ನೆಟ್ಟಿದೆ. ಈಗ ನಕ್ಕರೆ ನಾಳೆ ಮನೆಗೆ ಬಂದ ನೆಂಟರೆದುರು ಇದೇ ಮಾತನ್ನು ನಗಿಸಲಿಕ್ಕೆಂದೇ ಹೇಳುತ್ತಾಳೆ. ಆಗ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಕೆನ್ನೆಯ ಒಳಭಾಗ ಕಚ್ಚಿಕೊಂಡು ಸುಮ್ಮನಾಗುತ್ತೀರಿ. ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ತಿಳಿವಳಿಕೆ ಬಂದಾಗಿನಿಂದ ಈ ಹುಡುಗಿ ಅಮ್ಮ ಕೆಂಪು ಬಸ್ಸಿನಲ್ಲಿ ದುಡ್ಡು ಕೊಟ್ಟದ್ದನ್ನು ಕಂಡೇ ಇಲ್ಲ. ಅವಳ ಲೆಕ್ಕದಲ್ಲಿ ತಪ್ಪೇನಿದೆ?

ಮಾತು ಮರೆಸಲು ಕಿಟಕಿಯಾಚೆಯ ಬಯಲು ತೋರಿಸುತ್ತೀರಿ. ಈ ತಾಲ್ಲೂಕಿನ ಕಾವಲಿನಲ್ಲೇ ಒಂದು ರನ್‌ವೇ ಇದೆ. 2024ರ ಮಾರ್ಚ್ 22ರಂದು ಇಸ್ರೋದವರು ಮರುಬಳಕೆಯ ಉಡಾವಣಾ ವಾಹನ 'ಪುಷ್ಪಕ'ವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೊಯ್ದು ಕೈಬಿಟ್ಟರು, ಅದು ಡ್ರೈವರ್ ಇಲ್ಲದೆ ತಾನೇ ಬಂದು ಇಳಿಯಿತು ಎಂದು ವಿವರಿಸುತ್ತೀರಿ.

"ಕಂಡಕ್ಟರ್ ಇದ್ರಾ?"

"ಇಲ್ಲ."

"ಹಂಗಾದ್ರೆ ಇಳಿಯೋಕೆ ವಿಸಿಲ್ ಯಾರು ಹೊಡೆದ್ರು?"

ಕಂಡಕ್ಟರ್ ತಿರುಗಿ ನೋಡಿ, ಎದೆಯುಬ್ಬಿಸಿ, "ಕೇಳು ಪುಟ್ಟಿ, ಸರಿಯಾಗಿ ಕೇಳು" ಅನ್ನುತ್ತಾರೆ.

ಮೊಳಕಾಲ್ಮುರಿನ ಓಣಿಗೆ ಕಾಲಿಡುತ್ತಲೇ ಎದುರಾಗುವುದು ಸದ್ದು. ಟಕ್-ಟಕಾ, ಟಕ್-ಟಕಾ. ಸೀರೆ ನೋಡಲೆಂದು ಒಂದು ಮನೆಯೊಳಕ್ಕೆ ಬಗ್ಗಿ ಹೋಗುತ್ತೀರಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ತಂಪು ಮಣ್ಣಿನ ವಾಸನೆ, ಹೊಸ ನೂಲಿನ ವಾಸನೆ. ಆಮೇಲೆ ಜರಿಯ ಮಿಂಚು, ಅದರ ಹಿಂದೆ ನೆಲದ ಮಟ್ಟದಲ್ಲಿ ಕೂತ ಅಜ್ಜ. ಗುಂಡಿ ಮಗ್ಗವದು, ಸೊಂಟದಿಂದ ಮೇಲಷ್ಟೇ ಕಾಣುತ್ತಾರೆ.

ಮಗಳ ಬೆರಳು ನಿಮ್ಮ ಬೆರಳನ್ನು ಬಿಗಿಯಾಗಿ ಹಿಡಿಯುತ್ತದೆ. ಏನೋ ಬರುತ್ತಿದೆ ಎಂದು ನಿಮಗೆ ಗೊತ್ತು. ಬಾಯಿ ಮುಚ್ಚಿಸಬೇಕು. ಬಗ್ಗುತ್ತೀರಿ. ತಡವಾಯಿತು. ಅವಳ ಪಿಸುಮಾತು ಪಕ್ಕದ ಮನೆಗೂ ಕೇಳುತ್ತದೆ:

"ಅಪ್ಪಾ, ಪಾಪ, ಈ ಅಜ್ಜಂಗೆ ಕಾಲೇ ಇಲ್ಲ!"

ಮಗ್ಗ ನಿಲ್ಲುತ್ತದೆ. ಲಾಳಿ ಅಜ್ಜನ ಕೈಯಲ್ಲೇ ಇದೆ. ನಿಮ್ಮ ಕಿವಿ ಕಾಯುತ್ತದೆ, ಹೆಂಡತಿ ಕೈಯಲ್ಲಿದ್ದ ಸೀರೆಯ ಅಂಚಿನೊಳಗೆ ಮುಖ ಹುದುಗಿಸುತ್ತಾಳೆ. ಕ್ಷಮೆ ಕೇಳಬೇಕೇ? ಮಗುವನ್ನು ಗದರಬೇಕೇ? ಎರಡಕ್ಕೂ ನಾಲಿಗೆ ಏಳುವುದಿಲ್ಲ. ಅಜ್ಜ ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಗುಂಡಿಯೊಳಗಿಂದ ಒಂದು ಪಾದ ಮೇಲೆತ್ತಿ, ಐದೂ ಬೆರಳು ಕುಣಿಸುತ್ತಾರೆ.

"ಅದಾವೆ ಕಣವ್ವಾ. ಎರಡೂ ಅದಾವೆ. ಕೆಳಗೆ ದುಡಿಯಾಕೆ ಬಿಟ್ಟೀನಿ."

ಅವಳು ಗುಂಡಿಯ ಅಂಚಿಗೆ ಕೂತು ಬಗ್ಗಿ ನೋಡುತ್ತಾಳೆ. ಅಜ್ಜ ಹಲಗೆ ತುಳಿಯುತ್ತಾರೆ, ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ನುಗ್ಗುತ್ತದೆ, ಹೊಕ್ಕು ಕೂರುತ್ತದೆ. ಮತ್ತೆ ತುಳಿತ. ಹೆಬ್ಬೆರಳಿನ ಪಕ್ಕ ಚರ್ಮ ಒರಟಾಗಿ ಕಪ್ಪುಗಟ್ಟಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ರೇಷ್ಮೆ ಸೀರೆಯನ್ನು ಕೊಳ್ಳುವವರು ಅಂಚು ನೋಡುತ್ತಾರೆ, ಸೆರಗು ನೋಡುತ್ತಾರೆ. ಈ ಪಾದವನ್ನು ನೀವೂ ಇಂದೇ ನೋಡಿದ್ದು, ಅದೂ ಅವಳು ಕೇಳಿದ್ದಕ್ಕೆ.

"ಸಂಜೆ ಆಟಕ್ಕೆ ಬಿಡ್ತೀಯಾ ಅಜ್ಜ, ಅವನ್ನ?"

"ಸೀರೆ ಮುಗೀಲಿ ತಾಯಿ" ಅನ್ನುತ್ತಾರೆ ಅಜ್ಜ. ಅವರು ನಗುವುದಿಲ್ಲ.

ಮಧ್ಯಾಹ್ನ ಅಶೋಕ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ. ಬಂಡೆಗಳು ಕಾದು ಕೆಂಡವಾಗಿವೆ, ಗಂಟಲು ಒಣಗಿದೆ. ಅಶೋಕನ ಶಾಸನದ ಗುಂಡಿನ ಮುಂದೆ ಮಂಡಿಯೂರಿ ಸವೆದ ಗೆರೆಗಳನ್ನು ತೋರಿಸುತ್ತೀರಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹ, 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ್ದು. ಅವಳಿಗೆ ಬೇಕಾದದ್ದು ಅದಲ್ಲ. ಹೋದ ವಾರವಷ್ಟೇ ಪಡಸಾಲೆಯ ಗೋಡೆಗೆ ಬಣ್ಣದ ಕಡ್ಡಿಯಲ್ಲಿ ಗೀಚಿ ನಿಮ್ಮಿಂದ ಬೈಸಿಕೊಂಡವಳು ಅವಳು.

"ರಾಜ ಇದರ ಮೇಲೆಲ್ಲಾ ಬರೆದಾಗ ಅವರಪ್ಪ ಬಯ್ಯಲಿಲ್ವಾ?"

"ಅವರಪ್ಪ ಆಗ ಇರಲಿಲ್ಲ ಪುಟ್ಟಿ" ಎಂದುಬಿಡುತ್ತೀರಿ. ಅಂದ ಮೇಲೆ ಎದೆ ಧಸಕ್ಕೆನ್ನುತ್ತದೆ. ಇರಲಿಲ್ಲ ಅಂದರೇನು, ಎಲ್ಲಿಗೆ ಹೋದರು, ನೀನೂ ಹೋಗ್ತೀಯಾ? ಬರಲಿರುವ ಪ್ರಶ್ನೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸುತ್ತಾಳೆ.

"ಆಫೀಸಿಗೆ ಹೋಗಿದ್ರಾ?"

ಹೌದು ಅನ್ನಲೇ, ಇಲ್ಲ ಅನ್ನಲೇ? ಸತ್ಯ ನುಡಿಯಬೇಕು ಎಂದು ಇದೇ ಬಂಡೆ ಹೇಳುತ್ತಿದೆ. ನೀವು ಜಾಣತನದಿಂದ ಮಾತು ತಿರುಗಿಸಿ, ಬರೆದದ್ದು ರಾಜನಲ್ಲ, ಚಪಡ ಎಂಬ ಲಿಪಿಕಾರ, ಅವನು ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ ಎನ್ನುತ್ತೀರಿ. ತಂದೆ ತಾಯಿಯ ಮಾತು ಕೇಳಬೇಕು ಎಂದೂ ಬರೆದಿದ್ದಾನೆ ಎಂದು ಒತ್ತಿ ಸೇರಿಸುತ್ತೀರಿ. 'ಉಲ್ಟಾ' ಬರೆದದ್ದು ಕೇಳಿ ಅವಳ ಮುಖ ಅರಳುತ್ತದೆ. ಅವಳೂ ಅಕ್ಷರಗಳನ್ನು ಹಾಗೇ ತಿರುಗಿಸಿ ಬರೆಯುವವಳು.

ನೀರಿನ ಬಾಟಲಿಗೆಂದು ಹೆಂಡತಿಯ ಕಡೆ ತಿರುಗುತ್ತೀರಿ. ಮತ್ತೆ ಇತ್ತ ನೋಡಿದರೆ ಮಗಳಿಲ್ಲ.

"ಪುಟ್ಟೀ!"

ಉತ್ತರವಿಲ್ಲ. ಸುತ್ತ ಬಂಡೆ, ಬಂಡೆಯ ಸಂದು, ಮುಳ್ಳುಗಿಡ. ಈ ಗುಡ್ಡಗಳಲ್ಲಿ ಕರಡಿ ಇದೆ ಎಂದು ಇಲ್ಲಿಗೆ ಕರೆತಂದ ಆಟೋದವರು ಹೇಳಿದ್ದು ಈಗಲೇ ನೆನಪಾಗಬೇಕೇ. ಓಡುತ್ತೀರಿ. ಚಪ್ಪಲಿ ಜಾರುತ್ತದೆ. ಅಂಗೈ ಕಲ್ಲಿಗೆ ಉಜ್ಜಿ ಉರಿಯುತ್ತದೆ. ಎಡಕ್ಕಿಲ್ಲ. ಬಲಕ್ಕಿಲ್ಲ. ಹೆಂಡತಿಯ ದನಿ ಒಡೆದಿದೆ. "ಎಲ್ಲಿದೀಯೇ?"

ಒಂದು ಗುಂಡಿನ ಹಿಂದಿನಿಂದ ಶಾಂತ ದನಿ: "ನಾನು ಇಲ್ಲಿಲ್ಲ. ಬರೀತಾ ಇದೀನಿ."

ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ಫ್ರಾಕಿನ ಜೇಬಿನಿಂದ ತೆಗೆದ ಸೀಮೆಸುಣ್ಣ. ಕಲ್ಲಿನ ಮೇಲೆ ಅ, ಪ, ಮ, ಮೂರೂ ತಿರುಗಾಮುರುಗಾ. ನಿಮ್ಮ ಮಂಡಿ ಇನ್ನೂ ನಡುಗುತ್ತಿದೆ. ಹೊಡೆಯಲೆಂದು ಎತ್ತಿದ ಕೈ ಅವಳ ತಲೆಯ ಮೇಲೆ ಹೋಗಿ ಕೂರುತ್ತದೆ.

"ಏನು ಬರೆದಿದೀಯ?"

"ಮಕ್ಕಳ ಮಾತು ಅಪ್ಪ ಅಮ್ಮ ಕೇಳ್ಬೇಕು ಅಂತ. ಅವ್ನು ಅದನ್ನ ಬರೆಯೋದು ಮರ್ತಿದಾನೆ."

ಹೆಂಡತಿ ಅಳುತ್ತಲೇ ನಗುತ್ತಾಳೆ. ಈಗ ನೀವೂ ತಡೆಯುವುದಿಲ್ಲ. ಕರವಸ್ತ್ರ ಒದ್ದೆ ಮಾಡಿ ಒರೆಸಿದರೆ ಸುಣ್ಣ ಹೋಗುತ್ತದೆ. ಹೊಸ ಶಾಸನ ಅಳಿಸಿದ್ದಕ್ಕೆ ಆಟೋ ಹತ್ತುವವರೆಗೂ ಅವಳು ನಿಮ್ಮ ಜೊತೆ ಮಾತಾಡುವುದಿಲ್ಲ.

ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯುವುದಾದರೆ ಬಿಸಿಲೇರುವ ಮುನ್ನ ಹೋಗಿ, ನೀರು ಒಯ್ಯಿರಿ, ಬಂಡೆ ಮುಟ್ಟದಂತೆ ಕೈಗೊಂದು ಸ್ಲೇಟು ಕೊಡಿ. ಅಶೋಕನ ಅಪ್ಪ ಬಿಂದುಸಾರ ಎಲ್ಲಿಗೆ ಹೋಗಿದ್ದ ಎಂಬುದಕ್ಕೆ ಮನೆಯಲ್ಲೇ ಒಂದು ಉತ್ತರ ಯೋಚಿಸಿಕೊಂಡು ಹೊರಡಿ.